ಬೆಕ್ಕು ತನ್ನ ಬಾಲ ತಾನೇ ಕಚ್ಚುತ್ತಿದ್ದರೆ

ಹುಬ್ಬಳ್ಳಿ-ಧಾರವಾಡದ ಗೆಳೆಯರೇ, ಮಳೆಗಾಲ ಬಂತು, ಚಿಗಟ ಜಾಸ್ತಿಯಾಗುವ ಹೊತ್ತು. ಬೆಕ್ಕು ಸಾಕಿದವರು ದಯವಿಟ್ಟು ಓದಿ.

ಮರಿಗಳು ಬಾಲದ ಹಿಂದೆ ಸುತ್ತುವುದು ಆಟ. ದೊಡ್ಡ ಬೆಕ್ಕು ಕೂದಲು ಕಿತ್ತು, ರಕ್ತ ಬರುವಂತೆ ಕಚ್ಚಿಕೊಂಡರೆ ಅದು ಆಟವಲ್ಲ.

ಮೊದಲು ಚಿಗಟ ನೋಡಿ. ಬಾಲದ ಬುಡದಲ್ಲಿ ಹೇನಿನ ಹಣಿಗೆ ಆಡಿಸಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆ ಮೇಲೆ ಹಾಕಿ. ಕೆಂಪು-ಕಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಅಲರ್ಜಿ ಇರುವ ಬೆಕ್ಕಿಗೆ ಒಂದೆರಡು ಚಿಗಟ ಕಡಿದರೂ ಸಾಕು, ತುರಿಕೆ ತಡೆಯಲಾಗುವುದಿಲ್ಲ. ಔಷಧಿ ಡಾಕ್ಟರನ್ನು ಕೇಳಿಯೇ ಹಾಕಿ. ನಾಯಿಗೆ ತಂದದ್ದನ್ನು ಬೆಕ್ಕಿಗೆ ಹಾಕಲೇಬೇಡಿ. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಜೀವಕ್ಕೇ ಅಪಾಯ. ನೋವಿಗೆಂದು ಪ್ಯಾರಾಸಿಟಮಾಲ್ ಕೂಡ ಬೇಡ, ಬೆಕ್ಕಿಗೆ ಅದು ವಿಷ.

ಚಿಗಟ ಇಲ್ಲ, ಆದರೂ ಬೆನ್ನಿನ ಚರ್ಮ ನಡುಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಒಮ್ಮೆಲೇ ಓಡುತ್ತದೆ ಅಂದರೆ ಹೈಪರ್‌ಎಸ್ತೇಶಿಯಾ (ಚರ್ಮ ಅತಿಸೂಕ್ಷ್ಮವಾಗುವ ತೊಂದರೆ) ಇರಬಹುದು. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಡಾಕ್ಟರ ಮುಂದೆ ಬೆಕ್ಕು ಸುಮ್ನೆ ಕೂತುಬಿಡುತ್ತದೆ, ಅಲ್ವಾ? ಬಾಲ ಊದಿದ್ದರೆ, ಗಾಯವಾಗಿದ್ದರೆ ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ. ಗದಗಿನ ಕಡೆಯವರಿಗೆ ಅಲ್ಲಿನ ಪಶುವೈದ್ಯಕೀಯ ಕಾಲೇಜೂ ಇದೆ.