ರೇಷನ್ ಅಂಗಡಿಗೆ ನಮ್ಮೂರ ಕುಚ್ಚಲಕ್ಕಿ: ನಾವು ಕೇಳಿದ್ದು ಹೇಗೆ

ಉಡುಪಿ, ದಕ್ಷಿಣ ಕನ್ನಡದಲ್ಲಿ ರೇಷನ್ ಅಂಗಡಿಯ ಬೆಳ್ತಿಗೆ ಅಕ್ಕಿ (ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ) ಎಲ್ಲಿಗೆ ಹೋಗುತ್ತದೆ ಅನ್ನುವುದು ಗುಟ್ಟೇನೂ ಅಲ್ಲ. ಸ್ವಲ್ಪ ದೋಸೆಗೆ, ಇಡ್ಲಿಗೆ. ಸ್ವಲ್ಪ ಕೋಳಿಗೆ. ಉಳಿದದ್ದು ಬೈಕಿನಲ್ಲಿ ಬಂದು ಕೊಳ್ಳುವವನ ಚೀಲಕ್ಕೆ. ಅದೇ ಮನೆಯವರು ಸಂಜೆ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಕುಚ್ಚಲಕ್ಕಿ, ಅಂದರೆ ಭತ್ತ ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ, ತರುತ್ತಾರೆ. ಮಧ್ಯಾಹ್ನದ ಊಟಕ್ಕೂ ಅದೇ, ರಾತ್ರಿಯ ಗಂಜಿಗೂ ಅದೇ. ಸರ್ಕಾರ ಮಾಡುವ ಖರ್ಚು ಮಾಡುತ್ತಲೇ ಇದೆ, ಬಡವರ ಕಿಸೆಯಿಂದ ಹೋಗುವುದೂ ಹೋಗುತ್ತಲೇ ಇದೆ.

ಇದನ್ನು ಸರಿ ಮಾಡಿಸಬೇಕು ಅಂತ ಬ್ರಹ್ಮಾವರ ಕಡೆಯ ನಮ್ಮ ಊರಿನಲ್ಲಿ ಒಂದಿಷ್ಟು ಜನ ಕೆಲವು ವರ್ಷಗಳಿಂದ ಓಡಾಡುತ್ತಿದ್ದೇವೆ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಜೊತೆಗೆ ಗದ್ದೆ ಮಾಡುವ ಇಬ್ಬರು, ಸ್ವಸಹಾಯ ಸಂಘದ ಅಕ್ಕಂದಿರು, ಒಬ್ಬರು ಆಶಾ ಕಾರ್ಯಕರ್ತೆ, ಬೆಂಗಳೂರಿನ ಕೆಲಸ ಬಿಟ್ಟು ಬಂದ ಒಬ್ಬ ಹುಡುಗ. ನಮಗೆ ಹೆಸರಿಲ್ಲ, ನೋಂದಣಿ ಇಲ್ಲ, ಬ್ಯಾನರೂ ಇಲ್ಲ. ಬ್ಯಾನರ್ ಇದ್ದಿದ್ದರೆ ಅರ್ಧ ಸಮಯ ಅದರ ಜಗಳದಲ್ಲೇ ಹೋಗುತ್ತಿತ್ತು ಅಂತ ನನ್ನ ಅನಿಸಿಕೆ.

ಮೊದಲ ಮನವಿ ಕೊಟ್ಟಾಗ ಕಚೇರಿಯಲ್ಲಿ ಒಬ್ಬರು ಓದಿ ಹೇಳಿದರು: "ಟೀಚರೇ, ಇದು ಪಾಲಿಸಿ ಮ್ಯಾಟರ್. ನಮ್ಮ ಕೈಯಲ್ಲಿ ಎಂತ ಉಂಟು?" ಅವರು ಹೇಳಿದ್ದು ಸುಳ್ಳಲ್ಲ. ಯಾವ ಅಕ್ಕಿ ಕೊಡಬೇಕು ಅನ್ನುವುದು ತಾಲೂಕಿನಲ್ಲಿ ತೀರ್ಮಾನ ಆಗುವುದಿಲ್ಲ. ಆದರೆ ಆ ತೀರ್ಮಾನಕ್ಕೆ ಬೇಕಾದ ಮಾಹಿತಿ ಇರುವುದು ಊರಿನಲ್ಲೇ. ಅದನ್ನು ಕಡತಕ್ಕೆ ಹೊಂದುವ ಹಾಗೆ ಬರೆದುಕೊಡುವವರು ಯಾರೂ ಇರಲಿಲ್ಲ. ನಾವು ಆ ಕೆಲಸಕ್ಕೆ ಕೂತೆವು.

ಮೊದಲು ಕಾಯ್ದೆ ಓದಿದೆವು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ತಲೆಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಅನ್ನುವುದು ಎಲ್ಲರಿಗೂ ಗೊತ್ತು. ಅದೇ ಕಾಯ್ದೆಯ 28ನೇ ಸೆಕ್ಷನ್ ಸಾಮಾಜಿಕ ಪರಿಶೋಧನೆ, ಅಂದರೆ ಜನರೇ ಲೆಕ್ಕ ನೋಡುವುದರ ಬಗ್ಗೆ ಹೇಳುತ್ತದೆ. 29ನೇ ಸೆಕ್ಷನ್ ಪ್ರಕಾರ ರಾಜ್ಯದಿಂದ ಹಿಡಿದು ಒಂದೊಂದು ನ್ಯಾಯಬೆಲೆ ಅಂಗಡಿಯವರೆಗೆ ಜಾಗೃತಿ ಸಮಿತಿ ಇರಬೇಕು. 12ನೇ ಸೆಕ್ಷನ್‌ನಲ್ಲಿ ಪಡಿತರದ ಪದಾರ್ಥಗಳಲ್ಲಿ ವೈವಿಧ್ಯ ತರುವ ಮಾತಿದೆ, ಸ್ಥಳೀಯ ವಿತರಣಾ ಮಾದರಿಗೆ ಬೆಂಬಲ ಕೊಡುವ ಮಾತೂ ಇದೆ. ನಮ್ಮ ಬೇಡಿಕೆ ಕಾಯ್ದೆಯ ಒಳಗೇ ಇತ್ತು. "ದಯವಿಟ್ಟು ಕೊಡಿ" ಅಂತ ಬರೆಯುವುದಕ್ಕೂ "12ನೇ ಸೆಕ್ಷನ್ ಪ್ರಕಾರ" ಅಂತ ಬರೆಯುವುದಕ್ಕೂ ಕಚೇರಿಯಲ್ಲಿ ತುಂಬಾ ವ್ಯತ್ಯಾಸ ಉಂಟು. ಎರಡನೆಯದಕ್ಕೆ ಲಿಖಿತ ಉತ್ತರ ಬರುತ್ತದೆ. ಉತ್ತರ 'ಇಲ್ಲ' ಅಂತಿದ್ದರೂ ಪರವಾಗಿಲ್ಲ, ಕಾರಣ ಬರೆದಿರುತ್ತಾರಲ್ವಾ? ಮುಂದಿನ ಮನವಿ ಆ ಕಾರಣದಿಂದಲೇ ಶುರು ಮಾಡಬಹುದು.

ಆಮೇಲೆ ಮನೆ ಮನೆ ಸಮೀಕ್ಷೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇರೆ ಊರಿನವರು ಹೆಚ್ಚು ಕೇಳುವುದು ಇದನ್ನೇ.

"ರೇಷನ್ ಅಕ್ಕಿ ಊಟ ಮಾಡ್ತೀರಾ?" ಅಂತ ಕೇಳಿದರೆ ಎಲ್ಲ ಮನೆಯಲ್ಲೂ "ಹೌದು" ಅನ್ನುತ್ತಾರೆ. ಇಲ್ಲ ಅಂದರೆ ಕಾರ್ಡ್ ಹೋದೀತು ಅನ್ನುವ ಹೆದರಿಕೆ. ಹಾಗಾಗಿ ನಮ್ಮ ಹಾಳೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಮನೆಯವರ ಹೆಸರೂ ಇರಲಿಲ್ಲ, ಬರೀ ವಾರ್ಡ್ ನಂಬರ್. ಕೇಳಿದ್ದು ಇಷ್ಟು: ನಿನ್ನೆ ರಾತ್ರಿ ಎಂತ ಊಟ? ಕುಚ್ಚಲಕ್ಕಿ ಕೊನೆಗೆ ತಂದದ್ದು ಯಾವಾಗ, ಎಷ್ಟು ಕಿಲೋ, ಎಷ್ಟು ಕೊಟ್ಟಿರಿ? ವಾರದಲ್ಲಿ ದೋಸೆ, ಇಡ್ಲಿ ಎಷ್ಟು ದಿನ, ಒಂದು ಸಲಕ್ಕೆ ಎಷ್ಟು ಅಕ್ಕಿ ಹಾಕ್ತೀರಿ? ಅಡುಗೆ ಮಾಡುವವರಿಗೆ ಇದಕ್ಕೆಲ್ಲ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಐದು ಜನರ ಮನೆಗೆ ಕಾಯ್ದೆ ಪ್ರಕಾರ ತಿಂಗಳಿಗೆ 25 ಕಿಲೋ. ದೋಸೆ ಲೆಕ್ಕ ಕಳೆದರೆ ಎಷ್ಟು ಉಳಿಯುತ್ತದೆ ಅಂತ ನಾವೇ ಕೂಡಿಸಿ ಕಳೆದುಕೊಂಡೆವು. ಆ ಉಳಿದದ್ದು ಎಲ್ಲಿ ಹೋಯಿತು ಅಂತ ಯಾರನ್ನೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಸಮೀಕ್ಷೆಗೆ ಹೋದಲ್ಲೆಲ್ಲ ನಮಗೇ ತಿರುಗಿ ಒಂದು ಪ್ರಶ್ನೆ: "ಈ ಪ್ಲಾಸ್ಟಿಕ್ ಅಕ್ಕಿ ಯಾಕೆ ಕೊಡ್ತಾರೆ ಮಾರಾಯ್ರೆ?" ಒಬ್ಬ ಅಜ್ಜಿ ಗೆರಸೆಯಲ್ಲಿ ಆರಿಸಿ ಇಟ್ಟದ್ದನ್ನು ತೋರಿಸಿದರು. ಒಂದು ಹಿಡಿಯಷ್ಟು, ಸ್ವಲ್ಪ ಹಳದಿ ಬಣ್ಣ, ಎಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ಅದು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನ ಆಕಾರಕ್ಕೆ ತಂದು, ನೂರು ಕಾಳಿಗೆ ಒಂದರ ಲೆಕ್ಕದಲ್ಲಿ ಬೆರೆಸಿದ್ದರು. 2021ರ ಆಗಸ್ಟ್ 15ರಂದು ಪ್ರಧಾನಿ ಘೋಷಿಸಿದ ಮೇಲೆ ಹಂತ ಹಂತವಾಗಿ ಬಂದದ್ದು. ಊರಿಗೆ ಬಂದ ಮೇಲೆ ಯಾರೂ ಹೇಳಿರಲಿಲ್ಲ, ಅಂಗಡಿಯವರಿಗೂ ಸರಿಯಾಗಿ ಗೊತ್ತಿರಲಿಲ್ಲ. ರಕ್ತಹೀನತೆಗೆ ಅಂತ ಕಳಿಸಿದ್ದನ್ನು ಬಸುರಿ ಹೆಂಗಸರ ಮನೆಯಲ್ಲೇ ಆರಿಸಿ ಬಿಸಾಡುತ್ತಿದ್ದರು. ನಮ್ಮ ಆಶಾ ಅಕ್ಕ ಅಲ್ಲೇ ಕೂತು ವಿವರಿಸಿದರು. ಆ ಯೋಜನೆ ಎಷ್ಟು ಒಳ್ಳೆಯದು ಅನ್ನುವ ಬಗ್ಗೆ ನಮ್ಮೊಳಗೇ ಎರಡು ಮಾತಿದೆ. ಆದರೆ ತಟ್ಟೆಯಲ್ಲಿರುವುದು ಏನು ಅಂತ ಉಣ್ಣುವವರಿಗೆ ತಿಳಿಸುವುದರಲ್ಲಿ ಎರಡು ಮಾತಿಲ್ಲ.

ನಮ್ಮ ಉತ್ಸಾಹಕ್ಕೆ ಬ್ರೇಕ್ ಹಾಕಿದ್ದು ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವ ಒಬ್ಬ ತಾಯಿ. ಅವರ ಕಾರ್ಡಿಗೂ ಇಲ್ಲೇ ರೇಷನ್ ಸಿಗುತ್ತದೆ. ಕುಚ್ಚಲಕ್ಕಿ ವಿಷಯ ಹೇಳಿದಾಗ ಅವರು ನಕ್ಕರು. "ನಿಮ್ಮ ದಪ್ಪ ಅಕ್ಕಿ ನಮಗ್ಯಾಕ್ರೀ ಬಾಯಿ? ಕೊಡಸೂದಾದ್ರ ಜ್ವಾಳ ಕೊಡಸ್ರಿ." ಸರಿಯಾದ ಮಾತು. ದಕ್ಷಿಣದ ಜಿಲ್ಲೆಗಳಲ್ಲಿ ರಾಗಿ, ಉತ್ತರದಲ್ಲಿ ಜೋಳ ರೇಷನ್ನಿನಲ್ಲಿ ಕೊಟ್ಟದ್ದುಂಟು. ಅಲ್ಲಿಯದು ಅಲ್ಲಿಗೆ ಅಂತಾದರೆ ಇಲ್ಲಿಯದು ಇಲ್ಲಿಗೆ ಅಂತ ವಾದ ಮಾಡಲು ನಮಗದು ಅನುಕೂಲವಾಗಿತ್ತು. ಆದರೆ ಇಲ್ಲಿ ಇರುವವರೆಲ್ಲ ಇಲ್ಲಿಯದನ್ನೇ ಉಣ್ಣುವುದಿಲ್ಲ. ಮನವಿಯಲ್ಲಿ "ಬೆಳ್ತಿಗೆ ಬದಲು ಕುಚ್ಚಲಕ್ಕಿ" ಅನ್ನುವುದನ್ನು ತೆಗೆದು "ಬೇಕಾದವರಿಗೆ ಕುಚ್ಚಲಕ್ಕಿ" ಅಂತ ಬರೆದೆವು. ಕೆಲವರಿಗೆ ಬೇಸರ ಆಯಿತು. ಊರಿನ ಹೆಸರಲ್ಲಿ ಮಾತಾಡುವ ನಮ್ಮಂಥ ಗುಂಪುಗಳಲ್ಲಿ ಜಮೀನು ಇರುವವರು, ಓದಿದವರೇ ಜಾಸ್ತಿ. ಶೆಡ್ಡಿನವರನ್ನು ಕೇಳದೆ ಬರೆದ ಮನವಿ ನಮ್ಮದೇ ನಾಲಿಗೆಯ ಮನವಿ ಆಗುತ್ತಿತ್ತು.

ಇನ್ನು ಭತ್ತದ ಕಡೆ. ಕುಚ್ಚಲಕ್ಕಿ ಕೊಡಬೇಕಾದರೆ ಅದಕ್ಕೆ ಒಗ್ಗುವ ಭತ್ತವನ್ನು ಸರ್ಕಾರ ಬೆಂಬಲ ಬೆಲೆಗೆ ಇಲ್ಲಿಂದಲೇ ಕೊಳ್ಳಬೇಕು. ಎಂಒ4, ಜಯ, ಜ್ಯೋತಿ, ಅಭಿಲಾಷ ತಳಿಗಳ ಖರೀದಿಗೆ ಕೇಂದ್ರ ಸರ್ಕಾರದ ಒಪ್ಪಿಗೆ ಸಿಕ್ಕಾಗ ನಮ್ಮ ಕಡೆ ದೊಡ್ಡ ಸುದ್ದಿ. ಪಟಾಕಿ ಒಂದು ಹೊಡೆಯಲಿಲ್ಲ ಅಷ್ಟೇ. ಆದರೆ ಖರೀದಿ ಕೇಂದ್ರಕ್ಕೆ ಭತ್ತ ಬರಲಿಲ್ಲ. "ರೈತರಿಗೇ ಆಸಕ್ತಿ ಇಲ್ಲ" ಅಂತ ಸಭೆಯಲ್ಲಿ ಹೇಳಿದರು. ಯಾಕೆ ಬರಲಿಲ್ಲ ಅಂತ ತೋರಿಸಲು ನಾವು ಗದ್ದೆಗೇ ಹೋಗಿ ಬರೆದುಕೊಂಡೆವು.

ಅಕ್ಟೋಬರ್ ಕೊನೆ, ಬೈಲು ಗದ್ದೆ. ಕಟಾವು ಯಂತ್ರ ಗಂಟೆ ಬಾಡಿಗೆಗೆ ಬಂದಿದೆ, ಪಡುವಣದಲ್ಲಿ ಮೋಡ. ಗದ್ದೆಯ ಅಂಚಿನಲ್ಲೇ ಮಿಲ್ಲಿನ ಲಾರಿ ನಿಂತಿದೆ. ಸಹಕಾರಿ ಸೊಸೈಟಿಯಿಂದ ತಂದ ತೇವಾಂಶದ ಮೀಟರಿಗೆ ಒಂದು ಹಿಡಿ ಭತ್ತ ಹಾಕಿ ಮುಚ್ಚಳ ತಿರುಗಿಸಿದೆವು. 21 ತೋರಿಸಿತು. ಸರ್ಕಾರಿ ಖರೀದಿಗೆ ಶೇ 17ಕ್ಕಿಂತ ಜಾಸ್ತಿ ಇರಬಾರದು. ಒಣಗಿಸಲು ಬಿಸಿಲು ಬೇಕು, ಅಂಗಳ ಬೇಕು, ಆಳು ಬೇಕು. ಮೂರೂ ಇಲ್ಲ. ಇದ್ದರೂ ಖರೀದಿ ಕೇಂದ್ರ ಆಗ ತೆರೆದೇ ಇರುವುದಿಲ್ಲ. ಏಣೆಲು (ಮಳೆಗಾಲದ ಬೆಳೆ) ಭತ್ತ ಮಿಲ್ಲಿಗೆ ಹೋಗಿ ಅಕ್ಕಿಯಾಗಿ ಅಂಗಡಿಗೆ ಬಂದ ಮೇಲೆ ಕೇಂದ್ರದ ಬಾಗಿಲು ತೆರೆಯುತ್ತದೆ. ಮಿಲ್ಲಿನವರಿಗೆ ಹಸಿ ಭತ್ತದ ಚಿಂತೆ ಇಲ್ಲ, ಬೆಲೆಯಲ್ಲಿ ಸ್ವಲ್ಪ ಮುರಿದುಕೊಂಡು ಒಯ್ಯುತ್ತಾರೆ. ಹೇಗೂ ನೆನೆಸಿ ಬೇಯಿಸುವ ಭತ್ತ ತಾನೇ! ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಡುವ ಭತ್ತಕ್ಕೆ 17ರ ನಿಯಮ ಬೇಕು, ಒಪ್ಪುತ್ತೇನೆ. ನೇರ ಮಿಲ್ಲಿನ ಹಂಡೆಗೆ ಹೋಗುವುದಕ್ಕೂ ಅದೇ ನಿಯಮ ಯಾಕೆ ಅಂತ ನಮ್ಮ ಪ್ರಶ್ನೆ.

ಇನ್ನೊಂದು ಗಂಟು ಪಹಣಿಯದ್ದು. ಬೆಂಬಲ ಬೆಲೆಗೆ ನೋಂದಣಿ ಆಗುವುದು ಫ್ರೂಟ್ಸ್ ಐಡಿ (ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆ) ಮೇಲೆ, ಅದು ಪಹಣಿಗೆ ಅಂಟಿಕೊಂಡಿದೆ. ನಮ್ಮ ಊರಲ್ಲಿ ಜಾಸ್ತಿ ಗದ್ದೆ ಮಾಡುವವರು ಬೇರೆಯವರ ಗದ್ದೆ ಮಾಡುವವರೇ. ಪಹಣಿ ಮುಂಬಯಿಯಲ್ಲಿ ಹೋಟೆಲ್ ನಡೆಸುವವರ ಹೆಸರಲ್ಲಿ, ಇಲ್ಲದಿದ್ದರೆ ತೀರಿಹೋದ ಅಜ್ಜನ ಹೆಸರಲ್ಲಿ. ಹಡಿಲು ಬಿದ್ದ (ಬೇಸಾಯವಿಲ್ಲದೆ ಬಿಟ್ಟ) ಗದ್ದೆಯನ್ನು ಬಾಯಿಮಾತಿನ ಮೇಲೆ ಹಸಿರು ಮಾಡಿದವನಿಗೆ ಸರ್ಕಾರದ ಪಟ್ಟಿಯಲ್ಲಿ ಜಾಗ ಇಲ್ಲ. ಸುಸ್ಥಿರ ಅಭಿವೃದ್ಧಿ, ಹಸಿವು ಮುಕ್ತ 2030 ಅಂತ ಮಂಗಳೂರಿನ ಸಭಾಂಗಣಗಳಲ್ಲಿ ಕೇಳಿದ ಭಾಷಣಗಳಲ್ಲಿ ಈ ಪಹಣಿಯ ಸುದ್ದಿ ನನ್ನ ಕಿವಿಗೆ ಬಿದ್ದದ್ದಿಲ್ಲ.

ಇದೆಲ್ಲವನ್ನೂ ಒಂದೇ ಪುಟದ ಪಟ್ಟಿ ಮಾಡಿದೆವು. ಒಂದು ಸಾಲಿನಲ್ಲಿ ನಾಟಿ, ಕಟಾವು, ಮಳೆ. ಅದರ ಕೆಳಗೆ ಸರ್ಕಾರದ ನೋಂದಣಿ, ಖರೀದಿ, ಹಣ ಜಮೆ. ಎರಡು ಸಾಲುಗಳ ನಡುವಿನ ಅಂತರ ನೋಡಿದರೆ ಸಾಕು, ಮಾತು ಬೇಕಾಗುವುದಿಲ್ಲ. ಪಕ್ಕದಲ್ಲಿ ಕಾಸರಗೋಡಿನ ಉದಾಹರಣೆ ಸೇರಿಸಿದೆವು. ಕೇರಳದಲ್ಲಿ ಅಲ್ಲಿನ ಸರ್ಕಾರದ ಪೂರೈಕೆ ನಿಗಮ ಸಪ್ಲೈಕೋ ರೈತರ ಭತ್ತ ಕೊಂಡು, ಮಿಲ್ಲಿನಲ್ಲಿ ಅಕ್ಕಿ ಮಾಡಿಸಿ, ರೇಷನ್ ಅಂಗಡಿಗೆ ಕಳಿಸುತ್ತದೆ. ಕೇಂದ್ರದ ಬೆಂಬಲ ಬೆಲೆಯ ಮೇಲೆ ರಾಜ್ಯವೂ ಸೇರಿಸಿ ಕಿಲೋಗೆ 28 ರೂಪಾಯಿ 20 ಪೈಸೆ ಕೊಟ್ಟ ಕಾಲದಲ್ಲಿ, 2022-23ರಲ್ಲಿ, ಕೇಂದ್ರದ ಬೆಲೆ ಕಿಲೋಗೆ 20 ರೂಪಾಯಿ 40 ಪೈಸೆ ಇತ್ತು. ದುಡ್ಡು ಕೈಗೆ ಬರುವುದು ತಡ ಅನ್ನುವ ದೂರು ಅಲ್ಲೂ ಇದೆ. ಅದನ್ನೂ ಬರೆದೆವು. ಒಳ್ಳೆಯದನ್ನಷ್ಟೇ ಬರೆದರೆ ಅಧಿಕಾರಿಗಳೇ ಉಳಿದದ್ದನ್ನು ಹುಡುಕಿ ತೋರಿಸುತ್ತಾರೆ.

ಪಟ್ಟಿಯನ್ನು ಸುಮ್ನೆ ಹಿಡಿದುಕೊಂಡು ಹೋದರೆ ಅದು ಟೇಬಲ್ ಮೇಲೆಯೇ ಉಳಿಯುತ್ತದೆ. ಮೊದಲು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿದೆವು. ಪಂಚಾಯತ್ ಅಭಿವೃದ್ಧಿ ಯೋಜನೆಯನ್ನು ಈಗ ಸುಸ್ಥಿರ ಅಭಿವೃದ್ಧಿ ಗುರಿಗಳ ಒಂಬತ್ತು ವಿಷಯಗಳಡಿ ಬರೆಯಬೇಕು. ಪಿಡಿಒ ಅವರಿಗೂ ಆ ಕಾಲಂ ತುಂಬಬೇಕಿತ್ತು. ನಮ್ಮ ವಿಷಯವನ್ನು 'ಆರೋಗ್ಯಕರ ಗ್ರಾಮ'ದ ಅಡಿ ಹಾಕಿಸಿದೆವು, ಅವರಿಗೂ ಕೆಲಸ ಹಗುರ ಆಯಿತು. ಅಲ್ಲಿಂದ ತಾಲೂಕಿನ ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನೆ) ಸಭೆ, ಮತ್ತೆ ಜಿಲ್ಲೆ. ಅಕ್ಕಪಕ್ಕದ ಪಂಚಾಯತ್‌ಗಳೂ ಅದೇ ನಿರ್ಣಯ ಮಾಡಿದ ಮೇಲೆ ಫೋನ್ ಎತ್ತುವವರ ದನಿ ಬದಲಾಯಿತು.

"ಇಷ್ಟೆಲ್ಲ ಮಾಡಿ ಎಂತ ಸಿಕ್ಕಿತು?" ಅಂತ ನನ್ನ ತಮ್ಮ ಕೇಳುತ್ತಾನೆ. ರೇಷನ್ ಅಂಗಡಿಯಲ್ಲಿ ಇನ್ನೂ ಬೆಳ್ತಿಗೆಯೇ. ಅವನಿಗೆ ನಾನು 2001ರ ಕತೆ ಹೇಳುತ್ತೇನೆ. ರಾಜಸ್ಥಾನದಲ್ಲಿ ಬರ, ಗೋದಾಮಿನಲ್ಲಿ ಅಕ್ಕಿ, ಗೋಧಿ ಕೊಳೆಯುತ್ತಿತ್ತು. ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷ ನವೆಂಬರ್ 28ರ ಆದೇಶದಲ್ಲಿ ಸರ್ಕಾರಿ, ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕು ಅಂತಾಯಿತು. ಆಹಾರ ಭದ್ರತಾ ಕಾಯ್ದೆ ಬರಲು ಅಲ್ಲಿಂದ ಮತ್ತೆ ಹನ್ನೆರಡು ವರ್ಷ. ತಮ್ಮ ಕೇಳಿ ಸುಮ್ಮನಾಗುವುದಿಲ್ಲ, ಅದು ಬೇರೆ ಮಾತು.

ಕೈಗೆ ಸಿಕ್ಕಿದ್ದೂ ಇದೆ. ಅಂಗಡಿಯ ಜಾಗೃತಿ ಸಮಿತಿ ಈಗ ಸಭೆ ಸೇರುತ್ತದೆ, ಸ್ಟಾಕಿನ ಲೆಕ್ಕ ಬೋರ್ಡಿನ ಮೇಲೆ ಇರುತ್ತದೆ. ನಮ್ಮ ಪ್ರಾಥಮಿಕ ಶಾಲೆಯಲ್ಲಿ ಬುಧವಾರದ ಬಿಸಿಯೂಟಕ್ಕೆ ಊರಿನ ಗದ್ದೆಯ ಕುಚ್ಚಲಕ್ಕಿ. ಶಾಲೆಯ ಆಡಳಿತ ಸಮಿತಿ (ಎಸ್‌ಡಿಎಂಸಿ) ಒಪ್ಪಿ, ರೈತರು, ದಾನಿಗಳು ಸೇರಿ ಕೊಡುವುದು. ಇದೂ ಸಲೀಸಾಗಿ ಆಗಲಿಲ್ಲ. ಅಡುಗೆಯ ಅಕ್ಕ ಮೊದಲ ದಿನವೇ ಹೇಳಿದರು: "ಟೀಚರ್, ಕೊಡುದು ಸುಲಭ, ಬೇಯಿಸುದು ಯಾರು? ಗ್ಯಾಸ್ ಡಬಲ್ ಹೋಗ್ತದೆ." ಬೆಳ್ತಿಗೆ ಬೇಗ ಬೇಯುತ್ತದೆ, ಇದಕ್ಕೆ ಒಂದು ಗಂಟೆ ಬೇಕು. ಶಾಲೆಗೆ ಬರುವ ಸಿಲಿಂಡರ್ ಲೆಕ್ಕದ್ದು. ಉಪಾಯ ಅವರೇ ಮಾಡಿದರು. ಮಂಗಳವಾರ ಸಂಜೆ ಹೋಗುವಾಗ ಅಕ್ಕಿ ತೊಳೆದು ನೆನೆಹಾಕುವುದು, ಬೆಳಿಗ್ಗೆ ಒಂದು ಕುದಿ ಬಂದ ಮೇಲೆ ಒಲೆ ಆರಿಸಿ ಗಟ್ಟಿ ಮುಚ್ಚಿ ಇಡುವುದು, ಆ ಹೊತ್ತಿಗೆ ಸಾಂಬಾರು ಮಾಡಿಕೊಳ್ಳುವುದು, ಆಮೇಲೆ ಮತ್ತೊಂದು ಕುದಿ. ಬಸಿದ ತೆಳಿಗೆ ಉಪ್ಪು ಹಾಕಿ ಲೋಟದಲ್ಲಿ ಕೊಟ್ಟರೆ ಮಕ್ಕಳು ಸಾಲು ನಿಲ್ಲುತ್ತಾರೆ. ಹೆಚ್ಚುವರಿ ಗ್ಯಾಸಿಗೆ ನಾವು ಈಗ ದುಡ್ಡು ಕೂಡಿಸುತ್ತೇವೆ. ಅಕ್ಕನ ಹೆಚ್ಚುವರಿ ಕೆಲಸಕ್ಕೆ ಸಂಬಳ ಕೊಡಿಸಲು ನಮ್ಮಿಂದ ಆಗಿಲ್ಲ. ಅದು ನನ್ನನ್ನು ಕೊರೆಯುತ್ತದೆ.

ಈ ವರ್ಷದ ಮನವಿ ಸಣ್ಣದು. ನೋಂದಣಿ ಸೆಪ್ಟೆಂಬರಿನಲ್ಲೇ ಶುರುವಾಗಲಿ, ಬೇರೆಯವರ ಗದ್ದೆ ಮಾಡುವವರಿಗೆ ಪಂಚಾಯತ್ ದೃಢೀಕರಣದ ಮೇಲೆ ಅವಕಾಶ ಕೊಡಲಿ. ಭತ್ತ ಒಣಗಿಸುವ ಡ್ರೈಯರ್ ಮಾತ್ರ ಸರ್ಕಾರವನ್ನು ಕೇಳುವುದಕ್ಕಿಂತ ನಮ್ಮ ಸೊಸೈಟಿಯಿಂದಲೇ ಆಗಬೇಕು ಅನ್ನುವುದು ನಮ್ಮ ಲೆಕ್ಕ. ಮಹಾಸಭೆಯಲ್ಲಿ ವಿಷಯ ಇಡಬೇಕು, ಆದರೆ ಸದಸ್ಯರಲ್ಲದವರಿಗೆ ಅಲ್ಲಿ ಮಾತಿಲ್ಲ, ಮತವೂ ಇಲ್ಲ. ಹಾಗಾಗಿ ಸಂಘದ ಅಕ್ಕಂದಿರಲ್ಲಿ ಶೇರು ಇಲ್ಲದವರು ಈಗ ಒಬ್ಬೊಬ್ಬರಾಗಿ ಸೊಸೈಟಿಗೆ ಹೋಗಿ ಶೇರು ತೆಗೆದುಕೊಳ್ಳುತ್ತಿದ್ದಾರೆ. ಒಮ್ಮೆಗೇ ಇಷ್ಟು ಹೆಂಗಸರು ಯಾಕೆ ಬರುತ್ತಿದ್ದಾರೆ ಅಂತ ಸೆಕ್ರೆಟರಿಯವರು ಮೊನ್ನೆ ನನ್ನನ್ನು ಕೇಳಿದರು. ಮಹಾಸಭೆಗೆ ಕುರ್ಚಿ ಸ್ವಲ್ಪ ಜಾಸ್ತಿ ಹಾಕಿಸಿ ಅಂದೆ.