ಟ್ರಂಕಿನ ಮೇಲೆ ಪಟ್ಟದ ಗೊಂಬೆ: ಫ್ಲ್ಯಾಟಿನಲ್ಲೊಂದು ಹಳೇ ಕಾಲದ ದಸರಾ

ಬೆಂಗಳೂರಿನ ಫ್ಲ್ಯಾಟಿನಲ್ಲಿ ಗೊಂಬೆ ಕೂರಿಸಲು ಜಾಗ ಎಲ್ಲಿದೆ ಅಂತ ಎಷ್ಟೋ ಜನ ಕೈಬಿಡುತ್ತಾರೆ. ಇನ್ನು ಕೆಲವರು ಮಡಚುವ ಸ್ಟೀಲ್ ಸ್ಟ್ಯಾಂಡು, 'ಆಂಟಿಕ್ ಫಿನಿಶ್' ಗೊಂಬೆಗಳನ್ನು ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಎರಡೂ ಬೇಡ. ಅಟ್ಟದ ಮೇಲೆ, ಮಂಚದ ಕೆಳಗೆ, ಊರಿನ ಮನೆಯಲ್ಲಿ ಬಿದ್ದಿರುವ ಸಾಮಾನೇ ಸಾಕು. ಆದರೆ ಹಳೆಯದನ್ನು ಹೊಸದು ಮಾಡಲು ಮಾತ್ರ ಹೋಗಬೇಡಿ.

ಮಹಾಲಯ ಅಮಾವಾಸ್ಯೆಗೆ ಒಂದು ವಾರ ಮೊದಲೇ ಕೆಲಸ ಶುರು ಮಾಡಿ. ಪಿತೃಪಕ್ಷದಲ್ಲಿ ಏನೂ ಕೊಳ್ಳಬಾರದು ಅನ್ನುವವರಿಗೂ ಅಡ್ಡಿಯಿಲ್ಲ. ಇಲ್ಲಿ ಕೊಳ್ಳುವುದೇ ಕಡಿಮೆ ಅಲ್ವಾ!

ಮೊದಲು ಮೆಟ್ಟಿಲು

ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕು. ಒಂಬತ್ತು ಇಡುವವರೂ ಇದ್ದಾರೆ. ಫ್ಲ್ಯಾಟಿಗೆ 3 ಧಾರಾಳ. ಗೋಡೆಗೆ ತಾಗಿಸಿ ಎರಡು ಟ್ರಂಕು ಒಂದರ ಮೇಲೊಂದು, ಅದರ ಮುಂದೆ ಒಂದು ಟ್ರಂಕು, ಅದರ ಮುಂದೆ ಮಣೆಗಳ ಸಾಲು. ಪ್ರತಿ ಮೆಟ್ಟಿಲೂ 9 ಇಂಚಾದರೂ ಅಗಲವಿರಲಿ. ಅಲ್ಲಾಡಿದರೆ ಮಡಚಿದ ರಟ್ಟು ಕೊಟ್ಟು ಗಟ್ಟಿ ಮಾಡಿ. ಮೇಲೆ ಬಿಳಿ ಪಂಚೆ ಹಾಸಿ. ಹಳೇ ರೇಷ್ಮೆ ಸೀರೆಯಿದ್ದರೆ ಅಂಚು ಮಾತ್ರ ಕಾಣುವ ಹಾಗೆ ಮಡಚಿ ಹಾಕಿ. ಅದಕ್ಕೆ ಪಿನ್ನು ಚುಚ್ಚಬೇಡಿ, ಹಳೇ ರೇಷ್ಮೆ ಅಲ್ಲಿಂದಲೇ ಹರಿಯುತ್ತದೆ.

ಗೊಂಬೆ ಒರೆಸುವುದು

ಹೆಚ್ಚು ಎಡವಟ್ಟಾಗುವುದು ಇಲ್ಲೇ. ಮಣ್ಣಿನ ಗೊಂಬೆಗೆ ನೀರು ತಾಗಿಸಲೇಬೇಡಿ, ಬಣ್ಣ ಎದ್ದು ಬರುತ್ತದೆ. ಮೃದುವಾದ ಒಣ ಬ್ರಷ್‌ನಲ್ಲಿ ಮೇಲಿನಿಂದ ಕೆಳಕ್ಕೆ ಧೂಳು ಝಾಡಿಸಿ. ಚನ್ನಪಟ್ಟಣದ ಗೊಂಬೆಗೆ ಹತ್ತಿ ಬಟ್ಟೆ ಸಾಕು. ಆಲೆ ಮರದ ಮೇಲೆ ಹಚ್ಚಿರುವುದು ಅರಗಿನ ಬಣ್ಣ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ, ಹಾಗಾಗಿ ಸ್ಯಾನಿಟೈಸರ್ ಹಾಕಿ ಒರೆಸಿದರೆ ಹೊಳಪು ಹೋದಂತೆಯೇ. ಮೂಗು ಮುಕ್ಕಾದ ರಾಣಿ, ಬಣ್ಣ ಮಾಸಿದ ಶೆಟ್ಟರು ಇದ್ದರೆ ಇರಲಿ ಬಿಡಿ. ಎನಾಮಲ್ ಪೇಂಟ್ ಬಳಿದ ಗೊಂಬೆಗೆ ಆಮೇಲೆ ಆ ಮುಖವೇ ಇರುವುದಿಲ್ಲ.

ಹಿತ್ತಾಳೆ

ಹುಣಸೆಹಣ್ಣಿಗೆ ಕಲ್ಲುಪ್ಪು ಸೇರಿಸಿ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಿರಿ. ತಕ್ಷಣ ಒಣಬಟ್ಟೆಯಲ್ಲಿ ಒರೆಸಿ. ನಮ್ಮ ಬೋರ್‌ವೆಲ್ ನೀರಿನ ಹನಿ ಆರಿದರೆ ಬಿಳಿ ಕಲೆ ಕೂರುತ್ತದೆ. ಚೊಂಬು, ಹರಿವಾಣ ಫಳಫಳ ಅಂದರೆ ಚೆಂದ. ಆದರೆ ಹಳೇ ವಿಗ್ರಹದ ಕೆತ್ತನೆಯ ಸಂದಿಯಲ್ಲಿರುವ ಕಪ್ಪನ್ನು ಕೆರೆಯಬೇಡಿ, ಮುಖದ ಗೆರೆ ಎದ್ದು ಕಾಣುವುದೇ ಅದರಿಂದ.

ಮನೆಯಲ್ಲಿ ಏನೂ ಇಲ್ಲವೇ? ಕೆ.ಆರ್. ಮಾರುಕಟ್ಟೆ ಹತ್ತಿರದ ಸಂಡೆ ಬಜಾರಿಗೆ ಬೆಳಿಗ್ಗೆ ಬೇಗ ಹೋಗಿ. ಜೇಬಿನಲ್ಲೊಂದು ಅಯಸ್ಕಾಂತ ಇರಲಿ. ಅದು ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲಿನದು ಬರೀ ಲೇಪ. ಅಂಟಲಿಲ್ಲ ಅಂತ ಹಿತ್ತಾಳೆಯೇ ಅಂದುಕೊಳ್ಳಬೇಡಿ, ಕೈಯಲ್ಲಿ ಹಿಡಿದು ತೂಕ ನೋಡಿ.

ಕೂರಿಸುವ ಕ್ರಮ

ಪಾಡ್ಯದ ದಿನ ಮೇಲಿನ ಮೆಟ್ಟಿಲಿನಲ್ಲಿ ಕಲಶ, ಪಕ್ಕದಲ್ಲಿ ಪಟ್ಟದ ಗೊಂಬೆಗಳು. ರಾಜನಿಗೆ ಪೇಟ, ರಾಣಿಗೆ ಸೀರೆ ಉಡಿಸಲು ಹಳೇ ಜರಿ ರವಿಕೆಯ ಚೂರು ಬಹಳ ಚೆನ್ನಾಗಿ ಹೊಂದುತ್ತದೆ. ಮಧ್ಯದಲ್ಲಿ ದಶಾವತಾರ, ದೇವರುಗಳು. ಕೆಳಗೆ ಶೆಟ್ಟರು, ಶೆಟ್ಟಮ್ಮ, ಅವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ನೆಲದ ಮೇಲೆ ಮಕ್ಕಳು ಏನು ಬೇಕಾದರೂ ಮಾಡಿಕೊಳ್ಳಲಿ: ಮೃಗಾಲಯ, ಜಂಬೂಸವಾರಿ, ಬೇಕಾದರೆ ಮೆಟ್ರೊ. ಅಮಾವಾಸ್ಯೆಗೆ ನಾಲ್ಕೈದು ದಿನ ಮೊದಲೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ನೀರು ಚಿಮುಕಿಸುತ್ತಿದ್ದರೆ ಹಸಿರು ಹೊಲ ಸಿದ್ಧ.

ದೀಪ

ಮಿನುಗುವ ಬಣ್ಣದ ಸೀರಿಯಲ್ ಸೆಟ್ ಹಳೇ ಗೊಂಬೆಗಳ ಮೇಲೆ ಗಲಾಟೆ ಮಾಡುತ್ತದೆ, ನನಗಂತೂ ಹಿಡಿಸದು. ಹಳದಿ ಬೆಳಕಿನ ಒಂದು ಬಲ್ಬು ಪಕ್ಕದಿಂದ ಬಿದ್ದರೆ ಸಾಕು. ಎಣ್ಣೆ ದೀಪ ಸೀರೆಯಿಂದ ದೂರ, ನೆಲದ ಮೇಲೇ ಇರಲಿ.

ಎತ್ತಿಡುವುದು

ವಿಜಯದಶಮಿ ರಾತ್ರಿ ಒಂದು ಗೊಂಬೆಯನ್ನು ಮಲಗಿಸಿ, ಮಾರನೇ ದಿನ ಒಂದೊಂದಾಗಿ ಇಳಿಸಿ. ಮೊದಲು ಹಳೇ ಪಂಚೆಯ ತುಂಡು, ಅದರ ಮೇಲೆ ನ್ಯೂಸ್‌ಪೇಪರ್ ಸುತ್ತಿ. ಪೇಪರ್ ನೇರವಾಗಿ ಸುತ್ತಿದರೆ ಅಕ್ಷರದ ಮಸಿ ಗೊಂಬೆಗೆ ಮೆತ್ತುತ್ತದೆ. ಆ ಹೊತ್ತಿಗೆ ನಮ್ಮಲ್ಲಿ ಮಳೆ ಇದ್ದೇ ಇರುತ್ತದೆ. ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ವರ್ಷವಿಡೀ ಕೂಡಿಡಿ. ಟ್ರಂಕಿಗೆ ಮೂರು ನಾಲ್ಕು ಹಾಕಿ, ಒಣಗಿದ ಬೇವಿನ ಎಲೆ ಉದುರಿಸಿ ಮುಚ್ಚಿ. ಯಾವ ಟ್ರಂಕಿನಲ್ಲಿ ಏನಿದೆ ಅಂತ ಚೀಟಿ ಬರೆದು ಮುಚ್ಚಳದ ಮೇಲೆ ಅಂಟಿಸಿ.