ಆಯೋಗದ ಆದೇಶ ಕೈಯಲ್ಲಿದೆ, ಹಣ ಬಂದಿಲ್ಲ: ಮನೆ ಗುತ್ತಿಗೆದಾರನಿಂದ ವಸೂಲಿ ಹೇಗೆ?

ಮುಂಗಡ ಪಡೆದು ಅರ್ಧಕ್ಕೆ ಕೆಲಸ ಬಿಟ್ಟುಹೋದ, ಇಲ್ಲವೇ ಮೊದಲ ಮಳೆಗೇ ಸೋರುವ ತಾರಸಿ ಹಾಕಿಕೊಟ್ಟ ಗುತ್ತಿಗೆದಾರನ ವಿರುದ್ಧ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ಸಲ್ಲಿಸಬಹುದೆಂಬುದು ಈಗ ಬಹುಮಂದಿಗೆ ತಿಳಿದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಮನೆ ನಿರ್ಮಾಣವನ್ನು ‘ಸೇವೆ’ಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಆದರೆ ಗೆದ್ದ ಮೇಲೂ ಗುತ್ತಿಗೆದಾರ ಹಣ ಕೊಡದಿದ್ದರೆ ಏನು ಮಾಡಬೇಕೆಂಬುದು ಅಷ್ಟಾಗಿ ತಿಳಿದಿಲ್ಲ. ಆಯೋಗವು ತಾನಾಗಿ ವಸೂಲಿಗೆ ಹೊರಡುವುದಿಲ್ಲ. ಗೆದ್ದವರೇ ಮತ್ತೊಂದು ಅರ್ಜಿ ಹಾಕಿ, ಎದುರುದಾರನ (ಇಲ್ಲಿ ಗುತ್ತಿಗೆದಾರನ) ಹಣ ಎಲ್ಲಿದೆ ಎಂಬುದನ್ನು ತೋರಿಸಿಕೊಡಬೇಕು.

ಮೊದಲಿಗೆ ಆದೇಶದ ದೃಢೀಕೃತ ಪ್ರತಿಯನ್ನು ಪಡೆದು, ಹಣ ಕೊಡಲು ಎಷ್ಟು ದಿನಗಳ ಗಡುವು ವಿಧಿಸಲಾಗಿದೆ, ಬಡ್ಡಿ ಯಾವ ದಿನಾಂಕದಿಂದ ಯಾವ ದರದಲ್ಲಿ ಸಲ್ಲುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಗುತ್ತಿಗೆದಾರನಿಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು 45 ದಿನಗಳ ಅವಕಾಶವಿದೆ. ಆದೇಶವಾದ ಮೊತ್ತದ ಅರ್ಧವನ್ನು ಠೇವಣಿ ಇಡದೆ ಅವನ ಮೇಲ್ಮನವಿಯನ್ನು ಪರಿಗಣಿಸುವಂತಿಲ್ಲ. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಆದೇಶ ನಿಲ್ಲುವುದೂ ಇಲ್ಲ, ಅದಕ್ಕೆ ಪ್ರತ್ಯೇಕ ತಡೆಯಾಜ್ಞೆ ಬೇಕು. ‘ಅಪೀಲು ಹಾಕಿದ್ದೇನೆ’ ಎಂದು ಎದುರುದಾರ ಹೇಳಿದರೆ ತಡೆಯಾಜ್ಞೆಯ ಪ್ರತಿಯನ್ನು ತೋರಿಸುವಂತೆ ಕೇಳಿ.

ಗಡುವು ಮುಗಿದ ಕೂಡಲೇ ಅಸಲು, ಬಡ್ಡಿ, ಪರಿಹಾರ ಮತ್ತು ವ್ಯಾಜ್ಯ ವೆಚ್ಚವನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿ, ನಿಮ್ಮ ಬ್ಯಾಂಕ್ ಖಾತೆಯ ವಿವರದೊಂದಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ ಕಳುಹಿಸುವುದು ಒಳ್ಳೆಯದು. ಕಾನೂನು ಇದನ್ನು ಕಡ್ಡಾಯ ಮಾಡಿಲ್ಲವಾದರೂ, ‘ಎಷ್ಟು ಕೊಡಬೇಕೆಂದು ಗೊತ್ತಿರಲಿಲ್ಲ’ ಎಂಬ ನೆಪಕ್ಕೆ ಆಮೇಲೆ ಎಡೆಯಿರುವುದಿಲ್ಲ.

ಹಣ ಬಾರದಿದ್ದರೆ ಕಾಯ್ದೆಯಲ್ಲಿ ಎರಡು ದಾರಿಗಳಿವೆ, ಮತ್ತು ಇವೆರಡರ ವ್ಯತ್ಯಾಸವನ್ನು ಅರಿಯದೆಯೇ ಅನೇಕರು ವರ್ಷಗಟ್ಟಲೆ ಅಲೆಯುತ್ತಾರೆ. 71ನೇ ಸೆಕ್ಷನ್ ಪ್ರಕಾರ ಆಯೋಗದ ಆದೇಶವನ್ನು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆಯೇ (ತೀರ್ಪಿನ ಆಜ್ಞೆಯಂತೆಯೇ) ಜಾರಿ ಮಾಡಬಹುದು. ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದಡಿ (‘ಆರ್ಡರ್ 21’ ಎಂಬ ಅಧ್ಯಾಯದಡಿ) ಬ್ಯಾಂಕ್ ಖಾತೆ, ವಾಹನ, ನಿವೇಶನಗಳ ಜಪ್ತಿಗೆ ಅವಕಾಶವಿದೆ. 72ನೇ ಸೆಕ್ಷನ್ ಶಿಕ್ಷೆಯದು: ಆದೇಶ ಪಾಲಿಸದವನಿಗೆ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೇ 25,000 ರೂಪಾಯಿಗಳಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಇದಕ್ಕಾಗಿ ಆಯೋಗಕ್ಕೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಅಧಿಕಾರವಿದೆ. ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆಯೇ ಹೊರತು ನಿಮಗಲ್ಲ. ಹಾಗಿದ್ದರೂ ವಾರಂಟ್ ಹೊರಟ ಮೇಲೆ ಹಣ ಕಟ್ಟಲು ಮುಂದೆ ಬರುವವರಿರುವುದರಿಂದ, ಎರಡು ಅರ್ಜಿಗಳನ್ನೂ ಬೇರೆ ಬೇರೆಯಾಗಿ ಸಲ್ಲಿಸುವುದೇ ಸರಿ ಎಂಬುದು ಈ ಲೇಖಕನ ಅಭಿಪ್ರಾಯ. ಹಳೆಯ 1986ರ ಕಾಯ್ದೆಯಲ್ಲಿದ್ದ, ಜಿಲ್ಲಾಧಿಕಾರಿಯ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸುವ ವ್ಯವಸ್ಥೆಯನ್ನು ಈಗಲೂ ಕೆಲವರು ಸೂಚಿಸುವುದುಂಟು. ಅದು ಹೊಸ ಕಾಯ್ದೆಯ 71ನೇ ಸೆಕ್ಷನ್‌ನಲ್ಲಿ ಇಲ್ಲ.

ಅಮಲ್ಜಾರಿ ಅರ್ಜಿಯಲ್ಲಿ, ಅಂದರೆ 71ನೇ ಸೆಕ್ಷನ್‌ನಡಿ ಆದೇಶವನ್ನು ಜಾರಿ ಮಾಡಿಸಲು ಹಾಕುವ ಅರ್ಜಿಯಲ್ಲಿ, ಪ್ರಕರಣದ ಸಂಖ್ಯೆ, ಆದೇಶದ ದಿನಾಂಕ, ಮೇಲ್ಮನವಿ ಇದೆಯೇ, ಈವರೆಗೆ ಬಂದ ಹಣ, ಉಳಿದ ಬಾಕಿ ಮತ್ತು ಯಾವ ಬಗೆಯ ಜಪ್ತಿ ಬೇಕು ಎಂಬುದನ್ನೆಲ್ಲ ಬರೆಯಬೇಕು. ಆದೇಶವಾಗಿ ಎರಡು ವರ್ಷ ಕಳೆಯುವ ಮೊದಲೇ ಅರ್ಜಿ ಹಾಕುವುದು ಜಾಣತನ. ಆನಂತರವಾದರೆ ಎದುರುದಾರನಿಗೆ ಮೊದಲು ಕಾರಣ ಕೇಳಿ ನೋಟಿಸ್ ಹೋಗುತ್ತದೆ, ಆ ನಡುವೆ ಖಾತೆ ಬರಿದಾಗಬಹುದು.

ಅರ್ಜಿಯ ಬಲವೆಲ್ಲ ಆಸ್ತಿ ವಿವರದಲ್ಲಿದೆ. ‘ಎದುರುದಾರನ ಆಸ್ತಿಯನ್ನು ಜಪ್ತಿ ಮಾಡಿ’ ಎಂದು ಮೊಗಮ್ಮಾಗಿ ಬರೆದ ಅರ್ಜಿ ಮುಂದೆ ಸಾಗುವುದಿಲ್ಲ. ಹುಡುಕಾಟವನ್ನು ನಿಮ್ಮ ಪಾಸ್‌ಬುಕ್ಕಿನಿಂದಲೇ ಆರಂಭಿಸಿ: ನೀವು ಕೊಟ್ಟ ಚೆಕ್ ಅಥವಾ ಆನ್‌ಲೈನ್ ವರ್ಗಾವಣೆಯ ಹಣ ಯಾವ ಬ್ಯಾಂಕಿನ ಯಾವ ಶಾಖೆಗೆ ಹೋಯಿತೆಂಬುದೇ ಮೊದಲ ಸುಳಿವು. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆಯಿದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಅದನ್ನು ಹಾಕಿ, ವ್ಯವಹಾರ ಯಾರ ಹೆಸರಿನಲ್ಲಿದೆ, ಅದು ಒಬ್ಬನದೋ ಪಾಲುದಾರಿಕೆಯದೋ ಕಂಪನಿಯೋ ಎಂದು ನೋಡಬಹುದು. ಒಬ್ಬನದೇ ಆಗಿದ್ದರೆ ಅಂಗಡಿಯ ಹೆಸರು ಏನೇ ಇರಲಿ, ಅವನ ಸ್ವಂತ ಆಸ್ತಿಯೂ ಹೊಣೆಗೆ ಒಳಪಡುತ್ತದೆ. ಕಂಪನಿಯಾದರೆ ನಿರ್ದೇಶಕರ ಮನೆಯನ್ನು ಸಾಮಾನ್ಯವಾಗಿ ಮುಟ್ಟಲಾಗದು. ಜಮೀನಿನ ಸರ್ವೆ ನಂಬರ್ ತಿಳಿದಿದ್ದರೆ ಪಹಣಿಯನ್ನೂ, ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರವನ್ನೂ ಪಡೆದು ಲಗತ್ತಿಸಿ. ಅವನು ಸರ್ಕಾರಿ ಕಾಮಗಾರಿ ಮಾಡುವವನಾದರೆ, ಇಲಾಖೆಯಿಂದ ಅವನಿಗೆ ಬರಬೇಕಾದ ಬಿಲ್ಲಿನ ಹಣವನ್ನೇ ತಡೆಹಿಡಿಸಿ ಆಯೋಗಕ್ಕೆ ಕಟ್ಟಿಸುವಂತೆ ಕೋರಬಹುದು.

ಏನೂ ಸಿಗದಿದ್ದರೆ ಕೈಚೆಲ್ಲಬೇಕಿಲ್ಲ. ಆದೇಶದ ಹಣ 30 ದಿನಗಳವರೆಗೆ ಬಾಕಿ ಉಳಿದಿದ್ದರೆ, 21ನೇ ಆದೇಶದ 41ನೇ ನಿಯಮದಂತೆ ಎದುರುದಾರನೇ ತನ್ನ ಆಸ್ತಿಯ ವಿವರವನ್ನು ಪ್ರಮಾಣಪತ್ರದ (ಅಫಿಡವಿಟ್) ಮೂಲಕ ಸಲ್ಲಿಸಬೇಕೆಂದು ಕೇಳಬಹುದು. ತಪ್ಪಿದರೆ ಮೂರು ತಿಂಗಳವರೆಗೆ ಸಿವಿಲ್ ಸೆರೆವಾಸಕ್ಕೆ ಅವಕಾಶವಿದೆ. ಬಟ್ಟೆಬರೆ, ಅಡುಗೆ ಪಾತ್ರೆ, ಕುಶಲಕರ್ಮಿಯ ಕೈ ಉಪಕರಣ ಮುಂತಾದವನ್ನು ಜಪ್ತಿ ಮಾಡುವಂತಿಲ್ಲ, ಮಾಡಬಾರದು ಕೂಡ.

ಇದಕ್ಕೆಲ್ಲ ವಕೀಲರು ಕಡ್ಡಾಯವಲ್ಲ, ದೂರುದಾರರೇ ಹಾಜರಾಗಬಹುದು. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯುವ ಹಕ್ಕಿದೆ.

ಕೊನೆಗೆ ಗುತ್ತಿಗೆದಾರ ಕಂತುಗಳಲ್ಲಿ ಕೊಡುತ್ತೇನೆಂದು ಬಂದರೆ ಒಪ್ಪಬಹುದು, ಆದರೆ ಆ ಒಪ್ಪಂದವನ್ನು ಇಬ್ಬರೂ ಸಹಿ ಹಾಕಿದ ಜಂಟಿ ಮೆಮೊ ಮೂಲಕ ಆಯೋಗದ ದಾಖಲೆಗೆ ಸೇರಿಸಿ. ಹಣವನ್ನು ನಗದಾಗಿ ಪಡೆಯದೆ ಬ್ಯಾಂಕ್ ಮೂಲಕವೇ ಪಡೆಯಿರಿ. ಆಯೋಗದ ಹೊರಗೆ ನಿಮಗೆ ನೇರವಾಗಿ ಬಂದ ಪ್ರತಿ ಕಂತನ್ನೂ ಆಯೋಗಕ್ಕೆ ತಿಳಿಸಿ. ಕೊನೆಯ ಕಂತು ಖಾತೆಗೆ ಜಮೆಯಾಗುವವರೆಗೆ ಎರಡೂ ಅರ್ಜಿಗಳನ್ನು ಮುಂದೂಡಿಸಿಕೊಳ್ಳಿ, ಹಿಂಪಡೆಯಬೇಡಿ.